ಮೂರು ಗಂಟೆಯ ಗಾಳಿ

ಸ್ವಾರಗೇಟ್ ಸಿಗ್ನಲ್ಲಿನ ಹಿಂದೆ, ಬಸ್ ಡಿಪೋದ ಗೋಡೆಗೆ ಆನಿಸಿ
ನಿಲ್ಲಿಸಿದ್ದಾರೆ ನನ್ನ ಪೆಟ್ಟಿಗೆ.
ವಾರಕ್ಕೊಮ್ಮೆ ಬೀಗ ತೆಗೆದು ಫಿಲ್ಟರ್ ಬದಲಿಸುತ್ತೇನೆ.
ಬೆಳ್ಳಗೆ ಒಳಹೋದದ್ದು ಹೊರಬರುವಾಗ
ಒಲೆ ಒರೆಸಿದ ಬಟ್ಟೆ.

ಓಝೋನಿನ ಅಂಕಿ ಮಾತ್ರ
ಏಪ್ರಿಲ್ಲಿನ ಮಧ್ಯಾಹ್ನವೂ ತಲೆ ಎತ್ತುವುದಿಲ್ಲ.
ಮೊದಲ ವರ್ಷ, ಯಂತ್ರ ಕೆಟ್ಟಿದೆಯೆಂದು
ಎರಡು ಸಲ ದೂರು ಬರೆದೆ.

ಕೆಟ್ಟಿರಲಿಲ್ಲ.
ಹಸಿ ಹೊಗೆ ಅದನ್ನು ತಿಂದುಹಾಕುತ್ತದೆ
ರಿಕ್ಷಾ ಬಸ್ಸು ಲಾರಿ ಕಾರಿಕೊಂಡಲ್ಲೇ,
ಹೆತ್ತ ಮರಿಯನ್ನು ಬೆಕ್ಕು ತಿಂದ ಹಾಗೆ.
ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ,
ಇದು ಆ ಗಾದೆ ಮಗ್ಗುಲು ಬದಲಿಸಿ ಮಲಗಿದ್ದು.
ಮಿಕ್ಕ ಹೊಗೆ ಪಡುವಣ ಗಾಳಿಯ ಸೆರಗು ಹಿಡಿದು
ಹಡಪಸರ ದಾಟಿ, ಫುರಸುಂಗಿ ದಾಟಿ
ದಿವೇ ಘಾಟಿನ ತಿರುವುಗಳನ್ನು
ಬಿಸಿಲಲ್ಲಿ ಬೇಯುತ್ತ ಹತ್ತುತ್ತದೆ.

ಎರಡು ಕೂಡಿದರೆ ಉಸಿರು,
ಮೂರನೆಯದು ಬಂದು ಕೂತರೆ ಉರಿ.
ತರಬೇತಿಯಲ್ಲಿ ಬರೆದುಕೊಂಡದ್ದು ಅಷ್ಟೇ.

ಡಿಪೋದ ಎದುರು ಕಡಕ್ ರೊಟ್ಟಿ ಮಾರುವ ಸುಗಲಾ
ನಮ್ಮ ಜತ್ತದ ಕಡೆಯವಳು.
ಮಗಳು ತೇಜಲಿಗೆ ರಾತ್ರಿಯೆಲ್ಲ ಎದೆಯೊಳಗೆ ಪೀಪಿ.
"ಅಕ್ಕಾ, ಗಾಳಿ ಅಳಿಯಾಕಿ ನೀನು, ನೀನ ಹೇಳು."
ಕಣ್ಣಿಗೆ ಕಾಣುವ ಹೊಗೆಗೆ ಹೆದರಿ ಹೇಳಿಬಿಟ್ಟೆ:
"ಘಾಟ ಹತ್ತಿಸು ಕೂಸಿನ್ನ.
ಸಾಸವಡದಾಗ ಅಂಜೂರದ ತ್ವಾಟ ಅದಾವು, ಮುಗಲ ಅದ."
ಹೋಳಿಯ ಮರುದಿನ ಟೆಂಪೊ ತುಂಬ
ಹಾಸಿಗೆ, ಹಂಚು, ಸೈಕಲ್ಲು.

ಮೇ ತಿಂಗಳಲ್ಲಿ ಹೊಸ ಪೆಟ್ಟಿಗೆ ಕೂಡಿಸಲು ನನ್ನನ್ನೇ ಕಳಿಸಿದರು
ಘಾಟಿನ ಆಚೆ, ಶಾಲೆಯ ಮಾಳಿಗೆಗೆ.
ಹನ್ನೊಂದಕ್ಕೆ ಸುಮ್ಮನಿತ್ತು. ಒಂದಕ್ಕೆ ಎದ್ದಿತು.
ಮೂರಕ್ಕೆ ಗೆರೆ
ಘಾಟಿಗಿಂತ ಕಡಿದಾಗಿ ನಿಂತಿತ್ತು.
ಮೇಲೆ ನೋಡಿದರೆ, ಒಗೆದು ನೀಲಿ ಹಾಕಿ ಹರವಿದ ಮುಗಿಲು.

ಪಕ್ಕದ ಹೊಲದ ಬಬನರಾವ ಕಾಮಠೆ
ಬೀನ್ಸಿನ ಎಲೆ ಕಿತ್ತು ತಂದ:
ಮೇಲ್ಮೈ ತುಂಬ ತಾಮ್ರದ ಸಣ್ಣ ಚುಕ್ಕಿ.
ಹುಳವಿಲ್ಲ, ಬೂಷ್ಟಿಲ್ಲ, ಔಷಧ ಹೊಡೆದು ಸಾಕಾಯಿತು,
ಏನು ರೋಗ ತಾಯೀ ಇದು? ಮರಾಠಿಯಲ್ಲಿ ಕೇಳಿದ.
ಯಾವ ಭಾಷೆಯಲ್ಲೂ ನನಗೆ ಮಾತು ಸಿಗಲಿಲ್ಲ.
ಊರಿನ ರೋಗ ಅಂದೆ ಕೊನೆಗೆ.
ಯಾವೂರಿನದು ಅಂತ ಅವನು ಕೇಳಲಿಲ್ಲ.

ರವಿವಾರ ಗೆರೆ ಇನ್ನೂ ಮೇಲೆ.
ಲಾರಿಗಳು ಮಲಗಿದ ದಿನ, ಪುಣೆ ಎರೆದುಕೊಂಡು ಕೂತ ದಿನ.
ಅಂಥದೊಂದು ರವಿವಾರ ಸುಗಲಾಳ ಕೋಣೆಗೆ ಹೋದೆ.
"ರಾತ್ರಿ ಪೀಪಿ ನಿಂತದಕ್ಕಾ, ನಿನ್ನ ಪುಣ್ಯ" ಅಂದಳು,
ತಟ್ಟೆಯಲ್ಲಿ ಅಂಜೂರ ಇಟ್ಟಳು.
"ಹಗಲಾಗ ಒಮ್ಮೊಮ್ಮೆ ಕೆಮ್ಮತಾಳ,
ಉಂಡ ಮ್ಯಾಲ, ಚಹಾದಕಿಂತ ಮೊದಲ."
ಆ ಹೊತ್ತು ನನಗೆ ಗೊತ್ತಿತ್ತು.
ಅಂಜೂರ ಹಲ್ಲಿಗೆ ಮರಳಾಯಿತು.

ಅಂಗಳದಲ್ಲಿ ಸೈಕಲ್ ತುಳಿಯುತ್ತಿದ್ದವಳನ್ನು ಕರೆದೆ.
ಬೆಳಗ್ಗೆ ಆಡು, ಹೊತ್ತು ಮುಳುಗಿದ ಮೇಲೆ ಆಡು,
ಮೂರಕ್ಕೆ ಮಾತ್ರ ಒಳಗಿರು.
"ಯಾಕ? ಮೂರಕ್ಕ ಯಾರ ಬರ್ತಾರ?"

ನಾನು ಕಿಟಕಿ ಮುಚ್ಚಿದೆ.
ಅವಳು ಗಾಜಿಗೆ ಮೂಗು ಒತ್ತಿ
ಕಾಯುತ್ತ ಕೂತಳು,
ಬರುವವರ ಮುಖ ನೋಡಲು.