ನಾಯ್ಕಾಪಿನ ಗೇರು

ಉಪ್ಪಳದ ಗುಜರಿಯಲ್ಲಿ ತೂಕಕ್ಕೆ ಕೊಂಡೆ ಈ ಪಿಕಪ್ಪನ್ನು,
ಕಿಲೋಗೆ ಮೂವತ್ತೊಂದರಂತೆ, ಒಣಮೀನು ಕೊಂಡ ಹಾಗೆ.
ಟಯರಿಲ್ಲ, ಬ್ಯಾಟರಿಯಿಲ್ಲ,
ಬಾನೆಟ್ಟಿನೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು.
"ಕೋಳಿಯ ತೂಕ ಕಳೆಯುತ್ತೇನೆ" ಎಂದ ಗುಜರಿಯವ, ನಗದೆ.

ಬಾಗಿಲ ಮೇಲೆ ನಾಲ್ಕು ಬಣ್ಣ. ಎಮ್ರಿ ಕಾಗದ ಹಿಡಿದು
ರೋಕಿ ಕ್ರಾಸ್ತ ಉಜ್ಜುತ್ತ ಹೋದ ಹಾಗೆ
ಕೋಳಿ ಫಾರಮ್ಮಿನ ಹಳದಿ ಹೋಯಿತು,
ಮರದ ಮಿಲ್ಲಿನ ನೀಲಿ ಹೋಯಿತು,
ಯಾವುದೋ ಚುನಾವಣೆಗೆ ಬಳಿದ ಬಿಳಿಯೂ ಹೋಗಿ
ತಳದಲ್ಲಿ ಹಸಿರು. ಹಸಿರಿನ ಮೇಲೆ
ಅರ್ಧ ಅಳಿದ ಕನ್ನಡದಲ್ಲಿ, '...ಡಾ ಫ್ಯಾಕ್ಟರಿ, ಕುಂಬಳೆ'.
ಇದೇ ಅದು ಎಂದು ಆ ತನಕ ನನಗೂ ಖಾತ್ರಿಯಿರಲಿಲ್ಲ.
ಮೂಗಿಗೆ ಗ್ಯಾಸು ಏರಿತು.

ಚನಿಯಪ್ಪಣ್ಣ ಓಡಿಸುತ್ತಿದ್ದ ಗಾಡಿ.
ಕುಂಬಳೆಯಿಂದ ಬದಿಯಡ್ಕಕ್ಕೆ ಗೋಲಿಸೋಡಾ, ವಾರಕ್ಕೆ ಮೂರು ಸಲ.
ನಾಯ್ಕಾಪಿನ ಏರಿನಲ್ಲಿ ಅದು ಏದುಸಿರು ಬಿಟ್ಟು ನಿಂತಂತಾಗುವಾಗ
ಗೇರುಮರದ ಮರೆಯಿಂದ ಓಡಿಬಂದು ನಾವು ಮೂವರು,
ನಾನು, ಮೊಯ್ದು, ಪೂವಪ್ಪ,
ಹಿಂದಿನ ಹಲಗೆಗೆ ಜೋತುಬೀಳುತ್ತಿದ್ದೆವು.
ಗೇರು ಬದಲಾಗುವ ಗರಗರದೊಳಗೆ
ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಯಾರಿಗೆ ಕೇಳುತ್ತದೆ?
ಮೂಗಿನಲ್ಲಿ ಸೋಡಾ, ಕಣ್ಣಲ್ಲಿ ನೀರು,
ಬಾಟ್ಲಿಯನ್ನು ಮುರಕಲ್ಲಿಗೆ ಬಡಿದು
ಗೋಲಿ ಚಡ್ಡಿಯ ಕಿಸೆಗೆ.

ಬದಿಯಡ್ಕದಲ್ಲಿ ಸಾಹುಕಾರರ ತಮ್ಮ ಎಣಿಸುತ್ತಿದ್ದ.
"ದಾರಿ ಸರಿ ಇಲ್ಲ, ಒಡೆಯಿತು" ಎನ್ನುತ್ತಿದ್ದನಂತೆ ಚನಿಯಪ್ಪಣ್ಣ.
ಒಡೆದದ್ದೆಲ್ಲ ಸಂಬಳದಲ್ಲಿ ಕಟ್.
ನಾವು ಕೇಳಿ ನಕ್ಕಿದ್ದೆವು, ಎಂಥ ಪೆದ್ದು ಡ್ರೈವರು ಎಂದು.
ಅವನ ಮನೆ ಎಲ್ಲಿ ಎಂದೂ ನಮಗೆ ಗೊತ್ತಿರಲಿಲ್ಲ.

ಅಂದುಂಞಿ ಗೇರ್‌ಬಾಕ್ಸು ಬಿಚ್ಚಿದ್ದು ಒಂದು ಆದಿತ್ಯವಾರ.
ಸೀಮೆಎಣ್ಣೆಯ ಬಾಣಲೆಯಲ್ಲಿ ತೊಳೆದು, ಹಳೆಯ ಲುಂಗಿಯ ಮೇಲೆ
ಚಕ್ರಗಳನ್ನು ಸಾಲಾಗಿ ಇಟ್ಟ.
"ನೋಡಿ ಮಾಷೆ, ಸೆಕೆಂಡು, ಟಾಪು ಹೊಸತರ ಹಾಗೇ ಉಂಟು.
ಫಸ್ಟಿನ ಹಲ್ಲು ಮಾತ್ರ ಅಜ್ಜಿಯ ಬಾಯಿ.
ಎಂತ, ಇದರಲ್ಲಿ ಆನೆ ಸಾಗಿಸ್ತಿದ್ರಾ?"
"ಸೋಡಾ" ಎಂದೆ. "ನಾಯ್ಕಾಪಿನ ಏರಿಗೆ..."
"ನಾಯ್ಕಾಪು ಇದಕ್ಕೆ ಏರೇ ಅಲ್ಲ.
ಸೆಕೆಂಡಿನಲ್ಲಿ ಬೀಡಿ ಸೇದ್ತಾ ಹತ್ತಬಹುದು."
ನಾನು ಮಾತಾಡಲಿಲ್ಲ.
ಅವನು ಬೇರಿಂಗಿಗೆ ಗ್ರೀಸು ತುಂಬಿಸುತ್ತ ಕೂತ.

ಆಮೇಲೆ ಹದಿನಾಲ್ಕು ತಿಂಗಳು. ಪಿಸ್ಟನ್ನು ಕೊಯಮತ್ತೂರಿನಿಂದ,
ಹೆಡ್‌ಲೈಟಿನ ರಿಮ್ಮು ಮಂಗಳೂರು ಬಂದರಿನ ಒಬ್ಬ ಮುದುಕನಿಂದ,
ಹಲಗೆಗೆ ಹೆಬ್ಬಲಸು.
"ಇಷ್ಟಕ್ಕೆ ಎರಡು ಹೊಸತು ಬರುತ್ತಿತ್ತು" ಎಂದಳು ಹೆಂಡತಿ.
ಬರುತ್ತಿತ್ತು.
ಆರ್‌ಟಿಓ ಆಫೀಸಿನ ಹುಡುಗಿ ಮಲಯಾಳದ ಫಾರಮ್ಮು ತುಂಬಿಸುತ್ತ
ಇದರಲ್ಲಿ ಎಂತ ಸಾಗಿಸ್ತೀರಿ ಎಂದು ಕೇಳಿದಳು.
ಏನೂ ಇಲ್ಲ ಎಂದರೆ ಆಗುವುದಿಲ್ಲವಂತೆ.
ಖಾಲಿ ಬಾಟ್ಲಿ ಎಂದು ಬರೆಸಿದೆ.

ಎಲ್ಲ ಮುಗಿದು ಉಳಿದದ್ದು ಒಳಗಿನ ಕನ್ನಡಿ.
ಸ್ಕ್ರೂ ತುಕ್ಕಿನಲ್ಲಿ ಬೆಸೆದುಹೋಗಿ ಮೂತಿ ಕೆಳಗೆ ಹಾಕಿತ್ತು.
"ರಸ್ತೆ ಕಾಣಬೇಕಲ್ಲ, ಮುರಿದು ಹೊಸತು ಹಾಕುವ."
ಅಂದುಂಞಿ ಸ್ಪಾನರು ಎತ್ತಿದ.
ನಾನು ಚನಿಯಪ್ಪಣ್ಣನಿಗಿಂತ ಒಂದು ಗೇಣು ಉದ್ದ.
ಸೀಟಿನಲ್ಲಿ ಕುಗ್ಗಿ, ಅವನ ಕಣ್ಣಿನ ಮಟ್ಟಕ್ಕೆ ಇಳಿದು ನೋಡಿದೆ.
ರಸ್ತೆ ಇಲ್ಲ. ಆಕಾಶ ಇಲ್ಲ.
ಕಿಂಡಿಯ ಸರಳುಗಳಾಚೆ
ಹಿಂದಿನ ಹಲಗೆ, ಆ ತುದಿಯಿಂದ ಈ ತುದಿಗೆ,
ಮೂರು ಜೊತೆ ಕೈಗಳು ಹಿಡಿಯುವಷ್ಟು.

"ಬೇಡ" ಎಂದೆ. "ಅದು ಹಾಗೇ ಇರಲಿ."

ಈಗ ನಾಯ್ಕಾಪಿನಲ್ಲಿ ಗೇರುಮರ ಕಡಿಮೆ, ರಸ್ತೆ ನುಣ್ಣಗೆ.
ಆದರೂ ಆ ತಿರುವಿನಲ್ಲಿ ಫಸ್ಟಿಗೆ ಇಳಿಸುತ್ತೇನೆ.
ಹೊಸ ಹಲ್ಲು, ಗರಗರ ಎನ್ನುವುದಿಲ್ಲ.
ಕ್ಲಚ್ಚನ್ನು ಒಂದಿಷ್ಟು ಹೆಚ್ಚೇ ಹೊತ್ತು ಒತ್ತಿ ಹಿಡಿಯುತ್ತೇನೆ.
ಯಾರೂ ಹತ್ತುವುದಿಲ್ಲ.
ಕನ್ನಡಿಗೆ ಕಾಣದ ಒಂದು ಬಸ್ಸು
ಹಿಂದಿನಿಂದ ಒಂದೇ ಸಮನೆ ಹಾರ್ನು ಹೊಡೆಯುತ್ತದೆ.