ಆರನೆಯ ಮೆಟ್ಟು

ಹಗಲೆಲ್ಲ ಹಲ್ಲು ಮಾಡುತ್ತೇನೆ.
ಲಾನ್ಸೆಸ್ಟನ್ನಿನ ಮುದುಕರ ಬಾಯಿಗೆ
ಅಚ್ಚು ಹುಯ್ದು, ಉಜ್ಜಿ, ಹೊಳಪು ಕೊಟ್ಟು
ಸಂಜೆ ಐದಕ್ಕೆ ಕೈ ತೊಳೆದು ಬರುತ್ತೇನೆ.
ರಾತ್ರಿ ಅದೇ ಸಣ್ಣ ಅರ, ಅದೇ ದುಂಡು ಕನ್ನಡಿ,
ಶೆಡ್ಡಿನ ಹಳದಿ ಬಲ್ಬಿನ ಕೆಳಗೆ
ನಾಲ್ಕೇ ತಂತಿಯ ಬಾಯಿ.

ಬೇಸ್ ಗಿಟಾರು ದೊಡ್ಡ ಪ್ರಾಣಿ.
ಕತ್ತು ಉದ್ದ, ಮಾತು ಕಮ್ಮಿ, ಚಳಿ ತಡೆಯದು.
ಟೇಮರ್ ನದಿ ಇಳಿದು
ಕೆಸರು ಬೆತ್ತಲೆ ಹೊಳೆವ ಜುಲೈ ಬೆಳಿಗ್ಗೆ
ಕತ್ತಿನೊಳಗಿನ ಉಕ್ಕಿನ ಸರಳಿಗೆ
ಕಾಲು ಸುತ್ತು, ಬರೀ ಕಾಲು ಸುತ್ತು ಕೊಟ್ಟು
ಬಾಗಿಲು ಹಾಕಿಕೊಂಡು ಹೋಗಿಬಿಡಬೇಕು.
ಮರಕ್ಕೆ ಮಾತು ಕೇಳಿಸಲು ಒಂದು ರಾತ್ರಿ ಬೇಕು.
ಆತುರಗಾರನಿಗೆ ಬುದ್ಧಿ ಮಟ್ಟ:
ಇದು ನನಗೆ ತಿಳಿದದ್ದು ಮೂರು ಕತ್ತು ಕೆಡಿಸಿದ ಮೇಲೆ.

ಹುಬ್ಬಳ್ಳಿಯಲ್ಲಿ ಮೂರು ವರ್ಷ
ಯಾರದೋ ಹಾಡಿನ ಹಿಂದೆ ತಂಬೂರಿ ಹಿಡಿದು ಕೂತವಳು ನಾನು.
ಕುದುರೆಯ ಮೇಲೆ ನೂಲಿನೆಳೆ ಸರಿಸಿ, ಮತ್ತೆ ಸರಿಸಿ
ಜವಾರಿ ಹಿಡಿದು ಜೇನ್ನೊಣ ಕರೆಸುತ್ತಿದ್ದೆವು.
ಇಲ್ಲಿ ಆ ಜೇನ್ನೊಣವೇ ಕಾಯಿಲೆ.
ತಂತಿ ಗುಂಯ್ ಅಂದರೆ ಸಾಕು, ಹೊತ್ತು ತರುತ್ತಾರೆ.
ದುಡ್ಡು ಬೇಡ ಅಂದರೆ ಮೊಟ್ಟೆ ಇಟ್ಟು ಹೋಗುತ್ತಾರೆ.
ಓಡಿಸಿ ಕೊಡುತ್ತೇನೆ.
ಓಡಿಸಿದ ಮೇಲೆ ಶೆಡ್ಡು
ಬಿಕೋ ಅಂದದ್ದೂ ಉಂಟು.

ನೆವಿಲ್ ತಂದದ್ದು ಸೀಳಿದ ತಲೆ.
ಎಪ್ಪತ್ತೊಂದು ವಯಸ್ಸು, ಹಡಗಿನ ಹಗ್ಗ ಎಳೆದ ಕೈ,
ಕಾರಿನ ಡಿಕ್ಕಿ ಬಾಗಿಲು ಬೀಳುವಾಗ ತಡೆಯಲಾಗಲಿಲ್ಲವಂತೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಅಂಟು ಕುಡಿಸಿ, ಕ್ಲಾಂಪು ಬಿಗಿದು,
ಮೂರನೆಯ ದಿನ ಮೀಟಿ ನೋಡಿದೆ.
ಎಲ್ಲ ಮೆಟ್ಟೂ ಸರಿ.
ತೆಳ್ಳನೆ ತಂತಿಯ ಆರನೆಯದರಲ್ಲಿ ಮಾತ್ರ
ಸ್ವರ ಹುಟ್ಟಿದ್ದೇ ಸತ್ತಿತು,
ಹಸಿಮಣ್ಣಿಗೆ ಬಿದ್ದ ಕಾಸಿನ ಹಾಗೆ.

ಇಂಥದೊಂದು ಜಾಗ ಎಲ್ಲ ಬೇಸಿಗೂ ಇರುತ್ತದೆ.
ಅಲ್ಲಿ ಮರ ತಾನೇ ನಡುಗಿ
ತಂತಿಯ ನಡುಕ ಕುಡಿದುಬಿಡುತ್ತದೆ.
ತೆಗೆಯಲಾಗದು. ಜರುಗಿಸಬಹುದು.
ತಲೆಯ ಹಿಂದೆ ಹಿತ್ತಾಳೆ ಬಿಲ್ಲೆ ಕೂರಿಸಿದೆ, ಅರವತ್ತು ಗ್ರಾಂ.
ಆರು ಕಣ್ಣು ಬಿಟ್ಟಿತು.
ನಾಲ್ಕು ಮಂಕಾಯಿತು, ಯಾರಿಗೆ ಗೊತ್ತಾಗುತ್ತದೆ?
ಹೇಳದೆ ಕೊಟ್ಟೆ,
ಕೇಳದ ಉಪಕಾರ ಮಾಡಿದ ಜಂಭದಲ್ಲಿ.

ಒಂಬತ್ತನೆಯ ದಿನ ತಿರುಗಿ ಬಂದ.
ಶುಕ್ರವಾರ ಬೌಲ್ಸ್ ಕ್ಲಬ್ಬಿನಲ್ಲಿ
ನಿದ್ದೆಯಲ್ಲೂ ನುಡಿಸಬಲ್ಲ ಹಾಡಿನಲ್ಲೇ ದಾರಿ ತಪ್ಪಿದನಂತೆ.
"ನಲವತ್ತು ವರ್ಷ ಅದನ್ನ ಬಳಸಿಕೊಂಡು ಓಡಾಡಿದೀನಿ,
ಕತ್ತಲಲ್ಲಿ ಮುರುಕು ಹಲಗೆ ದಾಟೋ ಹಾಗೆ.
ನೀನು ಆ ಹಲಗೆ ರಿಪೇರಿ ಮಾಡಿ
ಪಕ್ಕದ್ದನ್ನ ಮುರಿದಿಟ್ಟಿದೀಯ."
ನಕ್ಕ. ಪೂರ್ತಿ ನಗಲಿಲ್ಲ.

ಬಿಲ್ಲೆ ಬಿಚ್ಚಿದೆ.
ಪೇಂಟ್ ಡಬ್ಬದ ಮೇಲೆ ಕೂತು ನುಡಿಸತೊಡಗಿದ.
ಆಗ ನೋಡಿದೆ:
ಆರು ಹತ್ತಿರ ಬಂದಂತೆ ಬೆರಳು
ಪಕ್ಕದ ದಪ್ಪ ತಂತಿಗೆ ಹಾರಿ, ಹನ್ನೊಂದಕ್ಕೇರಿ
ಅದೇ ಸ್ವರವನ್ನು ಅಲ್ಲಿಂದ ಎತ್ತಿಕೊಂಡು ಬರುತ್ತಿತ್ತು,
ಕೂದಲೆಳೆಯಷ್ಟು ತಡವಾಗಿ.
ಆ ತಡವನ್ನೇ ಈ ಊರು
ನೆವಿಲ್‌ನ ಶೈಲಿ ಅನ್ನುತ್ತದೆ.
ಕ್ಲಬ್ಬಿನ ಮುದುಕಿಯರು ಕುಣಿಯುವುದು ಅದಕ್ಕೇ.

ಈಗ ನಾನೇ ಒಂದು ಮಾಡುತ್ತಿದ್ದೇನೆ.
ಗುಜರಿಯಲ್ಲಿ ಹನ್ನೆರಡು ಡಾಲರಿಗೆ ಸಿಕ್ಕ
ಬ್ಲ್ಯಾಕ್‌ವುಡ್ ಮಂಚದ ತಲೆಹಲಗೆ.
ಮೂರು ಸ್ಕ್ರೂ ತೂತು, ಚಹಾ ಲೋಟದ ಒಂದು ಉಂಗುರ,
ಅಂಚಿನಲ್ಲಿ ಎರಡು ಪುಟ್ಟ ಗುಳಿ.
ಹಾಲುಹಲ್ಲು. ಮೇಲಿನ ಸಾಲು, ಮುಂದಿನವು.
ಇಷ್ಟು ನನ್ನ ಕಸುಬಿನ ಕಣ್ಣಿಗೆ ತಿಳಿಯುತ್ತದೆ,
ಕಚ್ಚಿದ್ದು ಸಿಟ್ಟಿಗೋ ಹಸಿವಿಗೋ ತಿಳಿಯದು.
ಉಳಿದದ್ದೆಲ್ಲ ಉಜ್ಜಿ ನುಣುಪು ಮಾಡಿದೆ.
ಆ ಅಂಚಿಗೆ ಬಂದಾಗ
ಉಪ್ಪುಕಾಗದ ಮಡಿಸಿ ಜೇಬಿಗಿಟ್ಟೆ.

ನಾಳೆ ತಂತಿ ಏರಿಸಬೇಕು.
ಇದರ ಸತ್ತ ಜಾಗ ಎಲ್ಲಿದೆಯೋ, ಇನ್ನೂ ಗೊತ್ತಿಲ್ಲ.
ಸಿಕ್ಕಿದ ಕೂಡಲೇ ಫೋನು ಮಾಡು ಅಂದಿದ್ದಾನೆ ನೆವಿಲ್,
ಮಗು ಹುಟ್ಟಿದರೆ ಹೇಳಿ ಕಳಿಸು ಅನ್ನುವ ದನಿಯಲ್ಲಿ.
ಹಿತ್ತಾಳೆ ಬಿಲ್ಲೆ ಕಿಟಕಿಯ ಮೇಲಿದೆ,
ಅವನು ಬಿಟ್ಟುಹೋದ ಆರು ಮೊಟ್ಟೆಗಳ ಪಕ್ಕ.