ಏರದ ಗಾಜು

ಮಾಲ್ದಾರೆ ತಿರುವಲ್ಲಿ ನಿನ್ನೆ
ಒಂಟಿ ಆನೆ.
ದೀಪ ಆರಿಸಿ ಸ್ವಿಚ್ಚೊತ್ತಿದೆ, ಒತ್ತೇ ಒತ್ತಿದೆ.
ಅರ್ಧಕ್ಕೆ ನಿಂತ ಗಾಜು ಏರಲೊಲ್ಲದು.
ಸಂದಿಯಿಂದ ಒಳಬಂದದ್ದು
ಹಸಿ ಬಿದಿರು, ಕೆಸರು, ಒಂದು ಉಸಿರು.

ಬೆಳಿಗ್ಗೆ ಸಿದ್ದಾಪುರದ ಕುಂಞಿಪ್ಪ
ಫ್ಯೂಸು ಕಿತ್ತು ಬೆಳಕಿಗೆ ಹಿಡಿದ. ಸರಿಯಿದೆ.
ಬಾಗಿಲಿಗೆ ಕಿವಿಯಿಟ್ಟ. ಮೋಟರು ಗಪ್‌ಚಿಪ್.
‘ಬಾಗಿಲು ತೆರೀರಿ ಅಕ್ಕಾ. ಈಗ ಒತ್ತಿ.’
ಸರ್ರನೆ ಏರಿತು!
ಮುಚ್ಚಿದರೆ ಮತ್ತೆ ಮೂಕ.

ಕೀಲಿನ ಬಳಿ ರಬ್ಬರು ಸರಿಸಿದ:
ದಿನಾ ಬಾಗಿ ಬಾಗಿ ಕಡಿದ ಹಸಿರು ತಂತಿ,
ಬಾಗಿಲು ತೆರೆದಾಗಷ್ಟೇ
ತುದಿಗೆ ತುದಿ ತಾಗುತ್ತಿತ್ತು.

ಬೆಸುಗೆ ಹಾಕುತ್ತ ಕೇಳಿದ,
‘ಗಾಜು ಏರಿದ್ದರೆ ಆನೆ ಹೆದರ್ತಿತ್ತಾ?’
ಇನ್ನೂರೈವತ್ತು ರೂಪಾಯಿ.

ಸಂಜೆ ಅದೇ ತಿರುವು, ಖಾಲಿ ರಸ್ತೆ,
ಗಾಜು ಪೂರ್ತಿ ಮೇಲೆ.
ಮನೆ ಮುಟ್ಟಿದಾಗ ದೇಚಮ್ಮ ಕೇಳಿದಳು:
‘ಕಾಫಿ ಹೂ ಅರಳಿದೆಯಂತೆ,
ದಾರೀಲಿ ಘಮ ಬಂತಾ?’